ಯಾರೂ ಒಯ್ಯದ ಕೋಟು

ಜೂನ್ ೫

ಅಮ್ಮಾ,

ನನ್ನನ್ನು ಇಲ್ಲಿ ಬಿಟ್ಟು ಹೋಗಿದ್ದಕ್ಕೆ ನಿನ್ನ ಮೇಲೆ ಕೋಪ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ದೊಡ್ಡಮ್ಮನ ಇಸ್ತ್ರಿ ಅಂಗಡಿ ನೀನು ಹೇಳಿದಷ್ಟು ದೊಡ್ಡದೇನಲ್ಲ. ಮುಂದೆ ಒಂದು ಕೋಣೆ, ಅಲ್ಲಿ ಕಂಬಳಿ ಹಾಸಿದ ಎರಡು ಮೇಜು. ಹಿಂದೆ ಒಂದು ಕತ್ತಲೆ ಕೋಣೆ. ಇಸ್ತ್ರಿಗೆ ಕೊಟ್ಟವರು ಮರೆತು ಬಿಟ್ಟ ಬಟ್ಟೆಗಳೆಲ್ಲ ಅಲ್ಲಿ ಗೂಟಗಳಲ್ಲಿ ನೇತಾಡುತ್ತವೆ. ನನ್ನ ಹಾಸಿಗೆಯೂ ಅಲ್ಲೇ. ಕೊನೆಯ ಗೂಟದಲ್ಲಿ ಒಂದು ಕಪ್ಪು ಕೋಟಿದೆ. ಯಾರದ್ದು ಅಂತ ಕೇಳಿದರೆ ದೊಡ್ಡಮ್ಮ, "ಯಾರದ್ದೋ ಏನೋ, ನಾನು ಅಂಗಡಿ ತಗೊಂಡಾಗಲೇ ಇತ್ತು. ನಿನ್ನನ್ನೇನೂ ತಿನ್ನಲ್ಲ, ಮಲಕ್ಕೋ" ಅಂದಳು. ತಿನ್ನುವುದಿಲ್ಲ ಅಂತ ಅವಳು ಹೇಳಿದ ಮೇಲೇ ಅದು ತಿನ್ನಬಹುದು ಅಂತ ನನಗೆ ಹೊಳೆದದ್ದು.

ಈ ಬೀದಿಯಲ್ಲಿ ನನ್ನಷ್ಟೇ ಪುಕ್ಕಲು ಇನ್ನೊಬ್ಬರಿದ್ದಾರೆ. ಅಂಚೆಯಣ್ಣ. ಮೂಲೆಮನೆಯ ನಾಯಿ ಕಂಡರೆ ಸೈಕಲ್ಲಿನಿಂದ ಇಳಿದು, ಅದನ್ನು ನಾಯಿಗೂ ತಮಗೂ ನಡುವೆ ಅಡ್ಡ ಹಿಡಿದು, ಗೋಡೆಗೆ ಅಂಟಿಕೊಂಡು ಬರುತ್ತಾರೆ. ಅವರನ್ನು ಕಂಡರೆ ನನಗೆ ಸ್ವಲ್ಪ ಧೈರ್ಯ.

ನೀನಾದರೋ ನದಿಯ ಮೇಲಿನ ಅಷ್ಟೆತ್ತರದ ಸೇತುವೆಗೆ ಹತ್ತಿ ಕಬ್ಬಿಣಕ್ಕೆ ಬಣ್ಣ ಬಳಿಯುವವಳು. ನಿನಗೆ ಭಯ ಅಂದರೇನು ಅಂತಲೇ ಗೊತ್ತಿಲ್ಲ. ನಿನ್ನ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ.

ನೀನು ಬಿಟ್ಟುಹೋದ ಕೆಲಸದ ಅಂಗಿ, ಆ ಕಡುನೀಲಿಯದು, ಅದನ್ನು ತಲೆದಿಂಬಿಗೆ ಸುತ್ತಿಕೊಂಡು ಮಲಗುತ್ತೇನೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ.

ನಿನ್ನ
ಪುಕ್ಕಲಿ


ಜೂನ್ ೧೨

ನನ್ನ ಪುಕ್ಕಲಿ,

ಕೋಪ ಇರಲಿ, ಆದರೆ ಊಟ ಬಿಡಬೇಡ. ಕತ್ತಲೆ ಕೋಣೆಯಲ್ಲಿ ಯಾಕೆ ಮಲಗುತ್ತೀಯ, ಅಕ್ಕನ ಪಕ್ಕದಲ್ಲೇ ಮಲಗು. ಅಂಗಡಿಯ ಮುಂದಿನ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ, ಎರಡೂ ಕಡೆ ನೋಡಿ ದಾಟು. ಒಂದು ಸಲ ನೋಡಿದರೆ ಸಾಲದು, ಮತ್ತೆ ನೋಡು. ಕೆಮ್ಮು ಬಂದರೆ ಮುಚ್ಚಿಡಬೇಡ. ಆ ನಾಯಿಯ ಕಡೆ ಕಣ್ಣೆತ್ತಿಯೂ ನೋಡಬೇಡ.

ಇನ್ನೊಂದು ಮಾತು. ಇಸ್ತ್ರಿಪೆಟ್ಟಿಗೆ ಮುಟ್ಟಬೇಡ. ಸುಡುತ್ತದೆ ಅಂತ ಮಾತ್ರ ಅಲ್ಲ. ಯಾಕೆ ಅಂತ ನೀನು ದೊಡ್ಡವಳಾದ ಮೇಲೆ ಹೇಳುತ್ತೇನೆ. ಅಕ್ಕನಿಗೂ ಬೇರೆ ಪತ್ರ ಹಾಕಿದ್ದೇನೆ.

ಇಲ್ಲಿ ಎಲ್ಲ ಸರಿಯಾಗಿದೆ. ತೊಲೆಯ ಮೇಲೆ ಕಾಲಿಡುವ ಮೊದಲು ಸೇಫ್ಟಿ ಬೆಲ್ಟಿನ ಕೊಂಡಿಯನ್ನು ಎಳೆದು ನೋಡುತ್ತೇನೆ, ಆಮೇಲೆ ಇನ್ನೊಮ್ಮೆ ಎಳೆಯುತ್ತೇನೆ. ಮೇಸ್ತ್ರಿ ನಗುತ್ತಾರೆ. "ಎಷ್ಟು ಸಲ ಎಳೀತೀಯಮ್ಮ, ಅದೇನು ಹಸುವಿನ ಕೆಚ್ಚಲಾ?" ಅನ್ನುತ್ತಾರೆ. ನಗಲಿ. ಗಾಳಿಗಾಲ ಶುರುವಾಗುವ ಮೊದಲು ಕೆಲಸ ಮುಗಿಯುತ್ತದೆ, ಬಂದುಬಿಡುತ್ತೇನೆ.

ಬರೆಯುವುದು ತಡ ಮಾಡಬೇಡ.

ನಿನ್ನ
ಅಮ್ಮ


ಜೂನ್ ೨೦

ಅಮ್ಮಾ,

ಬೈಯಬೇಡ. ನಾನು ಇಸ್ತ್ರಿ ಕಲಿತೆ.

ದೊಡ್ಡಮ್ಮನಿಗೆ ಸೊಂಟ ಹಿಡಿದುಕೊಂಡಿದೆ. ಬಗ್ಗಿದರೆ ಏಳಲಾರಳು, ಎದ್ದರೆ ಬಗ್ಗಲಾರಳು. ನೀನು ಬೇಡ ಅಂದದ್ದನ್ನು ನೆನಪಿಸಿದೆ. "ಅವಳಿಗೇನು, ದೂರದಲ್ಲಿ ಕೂತು ಬರೀತಾಳೆ. ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ, ಅವರಿಗೆ ನಾನು ಅವಳ ಪತ್ರ ಉಡಿಸಿ ಕಳಿಸ್ಲಾ?" ಅಂದಳು. ಆಮೇಲೆ ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು.

ಕಪ್ಪು, ಕಡುನೀಲಿ, ಖಾಕಿ ಇಂಥ ಬಟ್ಟೆಗಳನ್ನು ಯಾವಾಗಲೂ ಒಳಮೈ ಹೊರಗೆ ತಿರುಗಿಸಿಯೇ ಇಸ್ತ್ರಿ ಮಾಡಬೇಕಂತೆ. ಹೊರಮೈಗೆ ಹಾಕಿದರೆ ಹೊಳಪು ಹಿಡಿದು ಅಸಹ್ಯ ಕಾಣುತ್ತದಂತೆ. ಈ ಬೀದಿಯಲ್ಲಿ ಇದು ದೊಡ್ಡಮ್ಮನ ಅಂಗಡಿಯ ಹೆಚ್ಚುಗಾರಿಕೆ. ಮೊದಲ ಪಾಠಕ್ಕೆ ಗಿರಾಕಿಗಳ ಬಟ್ಟೆ ಬೇಡ ಅಂತ ನಿನ್ನ ಅಂಗಿಯನ್ನೇ ತಂದೆ. ನಾನು ಅದನ್ನು ತಬ್ಬಿ ತಬ್ಬಿ ಮುದ್ದೆ ಮಾಡಿದ್ದೆ. ಒಳಮೈ ತಿರುಗಿಸಿದೆ, ನೀರು ಚಿಮುಕಿಸಿದೆ, ಪೆಟ್ಟಿಗೆ ಇಟ್ಟೆ.

ಹಬೆ ಎದ್ದಿತು. ಹಬೆ ಮೇಲಕ್ಕೆ ಹೋಗಬೇಕಲ್ಲವಾ? ಇದು ಮೇಜಿನಿಂದ ಕೆಳಗಿಳಿಯಿತು. ನೆಲದ ಮೇಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆದು, ಹಿಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ನುಸುಳಿ ಹೋಯಿತು. ದೊಡ್ಡಮ್ಮ ಆ ಕಡೆ ನೋಡುತ್ತಿರಲಿಲ್ಲ. ನಾನು ಬಾಗಿಲು ತೆರೆದು ಇಣುಕಿದೆ. ಏನೂ ಇರಲಿಲ್ಲ. ಕೋಟಿನ ಒಂದು ತೋಳು ಮಾತ್ರ ಒಳಗೆ ಕೈ ಇದ್ದ ಹಾಗೆ ಉಬ್ಬಿತ್ತು.

ಈಗ ನಾನು ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಕಾಲ ಬುಡದಲ್ಲಿ ಮಲಗುತ್ತೇನೆ. ಅವಳು ಗೊರಕೆ ಹೊಡೆಯುತ್ತಾಳೆ, ಆದರೂ ವಾಸಿ.

ನಿನ್ನ
ಪುಕ್ಕಲಿ


ಜೂನ್ ೨೯

ಪುಕ್ಕಲಿ,

ಪತ್ರ ಬಂತು. ಇಸ್ತ್ರಿ ಕಲಿತದ್ದು ಒಳ್ಳೆಯದಾಯಿತು, ಕೈಗೆ ಒಂದು ಕೆಲಸ ಇರಬೇಕು. ಕೋಟಿನ ವಿಷಯ ಓದಿ ನಕ್ಕೆ.

ಇಲ್ಲಿ ಗಾಳಿ ತುಂಬ ಚೆನ್ನಾಗಿದೆ. ಇಷ್ಟು ದಿನ ಬೆನ್ನ ಮೇಲೆ ಏನೋ ಮೂಟೆ ಹೊತ್ತ ಹಾಗಿತ್ತು, ಹೋದ ವಾರದಿಂದ ಅದು ಇಲ್ಲ. ಯಾಕೋ ಗೊತ್ತಿಲ್ಲ. ಯಾಕಾದರೆ ಏನು.

ಅಮ್ಮ


ಜುಲೈ ೮

ಅಮ್ಮಾ,

ನೀನು ಇಷ್ಟು ಚಿಕ್ಕ ಪತ್ರ ಬರೆಯುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಕಾಗದದ ಹಿಂಬದಿ ತಿರುಗಿಸಿ ನೋಡಿದೆ, ಅಲ್ಲೂ ಏನೂ ಇರಲಿಲ್ಲ. ಊಟ ಮಾಡಿದೆಯಾ ಅಂತ ಕೇಳಿಲ್ಲ. ಕೈ ಸುಟ್ಟುಕೊಂಡೆಯಾ ಅಂತಲೂ ಕೇಳಿಲ್ಲ. ಸುಟ್ಟುಕೊಂಡಿದ್ದೇನೆ, ಎಡಗೈ ಹೆಬ್ಬೆರಳು. ನಿನ್ನ ಮೊದಲಿನ ಪತ್ರ ಓದುವಾಗ ಅಬ್ಬಾ ಎಷ್ಟು ಕೊರೆಯುತ್ತಾಳೆ ಅಂದುಕೊಂಡಿದ್ದೆ. ಈಗ ದಿನಾ ಅದನ್ನೇ ತೆಗೆದು ಓದುತ್ತೇನೆ.

ಇಲ್ಲಿ ಏನೋ ನಡೆಯುತ್ತಿದೆ. ಹಾಡಿನ ಟೀಚರ್ ಒಬ್ಬರು ನಮ್ಮ ಗಿರಾಕಿ. ಅಂಗಡಿಗೆ ಬಂದರೆ ಬಟ್ಟೆ ಕೇಳುವುದಕ್ಕೂ ನಾಚಿಕೊಂಡು ಗಂಟಲಲ್ಲೇ ಮಾತಾಡುತ್ತಿದ್ದವರು. ಅವರ ಕಪ್ಪು ಜಾಕೀಟನ್ನು ನಾನು ಇಸ್ತ್ರಿ ಮಾಡಿದೆ. ಮಾರನೆಯ ದಿನ ನಡುಬೀದಿಯಲ್ಲಿ ನಿಂತು ಎತ್ತರದ ದನಿಯಲ್ಲಿ ಹಾಡಿದರು. ಲಾರಿ ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು, ನಾನು ಮಾತ್ರ ಬಾಗಿಲ ಹಿಂದೆ ಅಡಗಿಕೊಂಡೆ. ಈಗ ಎಲ್ಲರೂ "ನಿಮ್ಮ ಹುಡುಗಿ ಕೈಯಲ್ಲೇ ಮಾಡ್ಸಿ, ಹಾಕ್ಕೊಂಡ್ರೆ ಮೈ ಹಗುರ ಆಗುತ್ತೆ" ಅನ್ನುತ್ತಾರೆ. ಪ್ರತಿ ಸಲವೂ ಹಬೆ ಕೆಳಗಿಳಿದು ಹಿಂದಿನ ಕೋಣೆಗೇ ಹೋಗುತ್ತದೆ. ಕೋಟಿಗೆ ಈಗ ಎರಡು ತೋಳೂ ತುಂಬಿವೆ, ಎದೆಯೂ ಬಂದಿದೆ. ಕುತ್ತಿಗೆಯ ಮೇಲೆ ಏನೂ ಇಲ್ಲ, ಅದೇ ಹೆಚ್ಚು ಹೆದರಿಕೆ.

ನನ್ನ ಮೈಯೂ ಹಗುರಾಗಲಿ ಅಂತ ನನ್ನ ಲಂಗವನ್ನು ಒಳಮೈ ತಿರುಗಿಸಿ ಮತ್ತೆ ಮತ್ತೆ ಇಸ್ತ್ರಿ ಮಾಡಿದೆ. ಬರೀ ಲಂಗ ಗರಿಗರಿಯಾಯಿತು. ನನ್ನ ಕೈ ನನಗೇ ಕೆಲಸ ಮಾಡುವುದಿಲ್ಲ.

ಅಮ್ಮಾ, ನೀನು ಬೆಲ್ಟ್ ಎಳೆದು ನೋಡುತ್ತೀಯ ತಾನೇ?

ಪುಕ್ಕಲಿ


ಜುಲೈ ೧೯

ಪುಕ್ಕಲಿ,

ಬೆಲ್ಟ್ ಬಿಟ್ಟುಬಿಟ್ಟೆ. ಅದು ಸೊಂಟಕ್ಕೆ ಒತ್ತುತ್ತದೆ, ಕೆಲಸವೂ ನಿಧಾನ. ಈಗ ಈ ಕಂಬದಿಂದ ಆ ಕಂಬಕ್ಕೆ ತೊಲೆಯ ಮೇಲೆ ಸುಮ್ಮನೆ ನಡೆದುಹೋಗುತ್ತೇನೆ. ಕೆಳಗೆ ನೀರು ಎಷ್ಟು ಚಂದ ಕಾಣುತ್ತದೆ ಗೊತ್ತಾ? ನಿನ್ನೆ ಬಣ್ಣದ ಡಬ್ಬಿ ಕೈಜಾರಿ ಬಿತ್ತು. ನೀರು ಮುಟ್ಟುವವರೆಗೂ ನೋಡುತ್ತ ನಿಂತಿದ್ದೆ, ಬಹಳ ಹೊತ್ತು ಬೀಳುತ್ತದೆ ಅದು. ಮೇಸ್ತ್ರಿ ಈಗ ನಗುವುದಿಲ್ಲ, ಕೂಗಾಡುತ್ತಾರೆ. ಪಾಪ, ಅವರಿಗೆ ಪುಕ್ಕಲು.

ಇದು ಮುಗಿದ ಮೇಲೆ ಇನ್ನೂ ದೂರದಲ್ಲಿ ಇನ್ನೊಂದು ಸೇತುವೆ ಇದೆಯಂತೆ. ಹೋಗೋಣ ಅಂತಿದ್ದೇನೆ. ನೀನು ಅಲ್ಲೇ ಆರಾಮಾಗಿದ್ದೀಯಲ್ಲ.

ಅಮ್ಮ


ಜುಲೈ ೨೭

ಅಮ್ಮಾ,

ದಯವಿಟ್ಟು ಬೆಲ್ಟ್ ಹಾಕಿಕೋ. ಮುಂದೆ ಓದುವ ಮೊದಲು ಹೋಗಿ ಹಾಕಿಕೊಂಡು ಬಾ.

ಅಂಚೆಯಣ್ಣನಿಗೆ ನಾಯಿ ಕಚ್ಚಿತು. ಅದಾಗಿ ಬಂದು ಕಚ್ಚಲಿಲ್ಲ, ಇವರೇ ಹೋಗಿ ಅದರ ಬಾಯಿ ಅಗಲಿಸಿ ಹಲ್ಲು ನೋಡಿದರಂತೆ. ಅದಕ್ಕೆ ಎರಡು ದಿನ ಮೊದಲು ಅವರ ಖಾಕಿ ಪ್ಯಾಂಟನ್ನು ನಾನೇ ಇಸ್ತ್ರಿ ಮಾಡಿದ್ದೆ. ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ನಗುತ್ತ, "ನಾಳೆ ಇನ್ನೊಂದು ಸಲ ನೋಡ್ಬೇಕು, ಹಿಂದಿನ ಹಲ್ಲು ಕಾಣಿಸಲಿಲ್ಲ" ಅಂದರು.

ಆಗ ನನಗೆ ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ಅವರದ್ದು, ಟೀಚರದ್ದು, ನಿನ್ನದು. ಮಧ್ಯಾಹ್ನ ದೊಡ್ಡಮ್ಮನ ಮುಂದೆ ಕೂತು ಅಳುತ್ತ ಹೇಳಿದೆ. ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನಮ್ಮಮ್ಮನ ಕೈ ಹೀಗೇ ಇತ್ತು. ಬಟ್ಟೆ ಯಾರ ಮೈಗೆ ಒಗ್ಗಿದೆಯೋ ಅವರು ಎಲ್ಲಿದ್ದರೂ ಸರಿ, ಒಳಮೈ ತಿರುಗಿಸಿ ಇಸ್ತ್ರಿ ಇಟ್ಟರೆ ಅವರ ಹೆದರಿಕೆ ಕಿತ್ತು ಬರ್ತಿತ್ತು. ಬಂದದ್ದು ಯಾರೂ ಒಯ್ಯದ ಬಟ್ಟೆಯೊಳಗೆ ಸೇರ್ಕೊಳ್ತಿತ್ತು. ನನಗೆ ಆ ಕೈ ಬರಲಿಲ್ಲ, ನಿಮ್ಮಮ್ಮನಿಗೂ ಬರಲಿಲ್ಲ. ಮುಗೀತು ಅಂದ್ಕೊಂಡಿದ್ದೆ." ವಾಪಸ್ ಹಾಕುವುದು ಹೇಗೆ ಅಂತ ಕೇಳಿದೆ. ಹೊರಮೈಗೆ ಇಸ್ತ್ರಿ ಹಾಕಿದರೆ ಒಳಗೆ ಹೋಗುತ್ತದಂತೆ. ಆದರೆ ಹಾಕುವವರು ಮೊದಲು ಆ ಹೆದರಿಕೆಯನ್ನು ತಮ್ಮ ಮೈಮೇಲೆ ತಗೊಳ್ಳಬೇಕಂತೆ.

ಅಂಚೆಯಣ್ಣನ ಪ್ಯಾಂಟು ತರಿಸಿದೆ. ಹಿಂದಿನ ಕೋಣೆಗೆ ಹೋದೆ, ಕಣ್ಣು ಮುಚ್ಚಿಕೊಂಡು ಕೋಟಿನ ಹೊರ ಜೇಬಿನಲ್ಲಿ ಕೈ ಇಟ್ಟೆ. ಒಳಗೆ ಬಿಸಿ ಉಸಿರು ಮತ್ತು ಹಲ್ಲು. ಕಿರುಚಿಕೊಂಡು ಹೊರಗೆ ಓಡಿ, ಆ ಕೈಯಲ್ಲೇ ಇಸ್ತ್ರಿಪೆಟ್ಟಿಗೆ ಹಿಡಿದು ಹೊರಮೈಗೆ ಒತ್ತಿದೆ. ತೋಳಿನಿಂದ ಏನೋ ತಣ್ಣಗೆ ಇಳಿದುಹೋಯಿತು. ಮಾರನೆಯ ದಿನ ಅಂಚೆಯಣ್ಣ ಸೈಕಲ್ ಅಡ್ಡ ಹಿಡಿದು ಗೋಡೆಗೆ ಅಂಟಿಕೊಂಡು ಬಂದರು. ಪ್ಯಾಂಟು ತೊಡೆಯ ಹತ್ತಿರ ಪಳಪಳ ಹೊಳೆಯುತ್ತಿತ್ತು. ನನಗೆ ಅವರನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ ಮತ್ತೆ ಅತ್ತೆ.

ನಿನ್ನದನ್ನೂ ವಾಪಸ್ ಹಾಕುತ್ತೇನೆ. ಆದರೆ ನಿನ್ನದು ಮೊದಲು ಹೋದದ್ದು, ಎಲ್ಲರದ್ದರ ಅಡಿಯಲ್ಲಿದೆ. ಜೇಬಿಗೆ ಕೈ ಹಾಕಿದರೆ ಸಿಗುವುದಿಲ್ಲ. ಪೂರ್ತಿ ಕೋಟು ಹಾಕಿಕೊಳ್ಳಬೇಕು. ಸ್ವಲ್ಪ ದಿನ ಕೊಡು.

ಪುಕ್ಕಲಿ


ಆಗಸ್ಟ್ ೨

ಮಗಳೇ,

ನಿನ್ನ ಕೈಯ ವಿಷಯ ನಾನು ನಂಬುತ್ತೇನೆ. ನಮ್ಮಮ್ಮನ ಕೈ ನಾನೂ ನೋಡಿದ್ದೇನೆ. ಅದಕ್ಕೇ ಮುಟ್ಟಬೇಡ ಅಂದಿದ್ದೆ. ಯಾಕೆ ಅಷ್ಟು ಒದ್ದಾಡಿದೆನೋ ಈಗ ತಿಳಿಯುತ್ತಿಲ್ಲ.

ಆದರೆ ಒಂದು ಮಾತು ಕೇಳು. ಅದನ್ನು ವಾಪಸ್ ಹಾಕಬೇಡ.

ನಿಮ್ಮಪ್ಪ ಹೋದ ಮೇಲೆ ನಾನು ಒಂದು ದಿನವೂ ಪೂರ್ತಿ ನಿದ್ದೆ ಮಾಡಿರಲಿಲ್ಲ. ನಿನಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಈಗ ಮಲಗಿದ ಕೂಡಲೇ ನಿದ್ದೆ. ಕೆಳಗಿನ ಶೆಡ್ಡಿನಲ್ಲಿ ಸೆಕೆ, ಅದಕ್ಕೆ ಮೇಲೆ ಕಂಬಗಳ ನಡುವಿನ ಹಲಗೆಯ ಮೇಲೇ ಹಾಸಿಕೊಂಡು ಮಲಗುತ್ತೇನೆ. ಊಟವೂ ಅಲ್ಲೇ, ಭಾನುವಾರವೂ ಅಲ್ಲೇ. ನೆಲಕ್ಕೆ ಇಳಿಯುವುದೇ ಕಡಿಮೆ. ನಾನು ಸುಖವಾಗಿದ್ದೇನೆ. ನನ್ನ ಸುಖವನ್ನು ಯಾಕೆ ಕೀಳುತ್ತೀಯ?

ಅಮ್ಮ


ಆಗಸ್ಟ್ ೯

ಅಮ್ಮಾ,

ನಿನ್ನ ಪತ್ರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಹಲಗೆಯ ಮೇಲೆ ಮಲಗುತ್ತೀಯ ಅನ್ನುವ ಕಡೆ ಅವಳು "ಸಾಕು ನಿಲ್ಸು" ಅಂದಳು.

ನೀನು ಬೇಡ ಅಂದೆ. ನಿನ್ನ ಮಾತು ಮೀರಿದರೆ ನೀನು ಸಿಟ್ಟಾಗುತ್ತೀಯ ಅಂತ ಹೆದರಿಕೆ. ಮೀರದಿದ್ದರೆ ನೀನು ಒಂದು ದಿನ ಮಗ್ಗುಲು ಬದಲಿಸುತ್ತೀಯ ಅಂತ ಹೆದರಿಕೆ. ಎರಡನ್ನೂ ತೂಗಿ ನೋಡಿದೆ. ವಾಪಸ್ ಹಾಕುತ್ತೇನೆ.

ಆದರೆ ನೀನು ಮೇಲಿರುವಾಗ ಹಾಕಿದರೆ ಏನಾಗುತ್ತದೆ? ಬೆಲ್ಟ್ ಇಲ್ಲದೆ ತೊಲೆಯ ನಡುವೆ ನಿಂತಿದ್ದಾಗ ಹೆದರಿಕೆಯೆಲ್ಲ ಒಟ್ಟಿಗೆ ಮೈಗೆ ಬಂದರೆ ನಿನ್ನ ಕಾಲು ಉಳಿಯುವುದಿಲ್ಲ. ಆಗ ನಿನ್ನನ್ನು ಬೀಳಿಸಿದವಳು ನಾನೇ ಆಗುತ್ತೇನೆ. ಇದನ್ನು ಯೋಚಿಸಿ ನನಗೆ ಜ್ವರ ಬಂದಿತ್ತು.

ಅದಕ್ಕೆ ಒಂದೇ ಒಂದು ಕೇಳುತ್ತೇನೆ. ಇಪ್ಪತ್ತೊಂದನೆಯ ತಾರೀಖು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೆಳಗಿಳಿ. ಕ್ಯಾಂಟೀನಿನಲ್ಲಿ ಕೂತು ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೋ. ನಿನಗೆ ಹೆದರಿಕೆ ಇಲ್ಲ, ಆದ್ದರಿಂದ ಇಳಿಯಲು ಕಾರಣವೂ ಇಲ್ಲ, ಗೊತ್ತು. ಆದರೂ ಇಳಿ.

ಉತ್ತರ ಬರೆ.

ನಿನ್ನ
ಪುಕ್ಕಲಿ


ಆಗಸ್ಟ್ ೨೧, ಭಾನುವಾರ

ಅಮ್ಮಾ,

ಉತ್ತರ ಬರಲಿಲ್ಲ. ನಿನ್ನೆಯವರೆಗೂ ಅಂಚೆಯಣ್ಣನ ದಾರಿ ಕಾದೆ. ಅವರು ದೂರದಿಂದಲೇ ತಲೆಯಾಡಿಸುತ್ತಿದ್ದರು.

ನೀನು ಇಳಿದಿದ್ದೀಯೋ ಇಲ್ಲವೋ ಗೊತ್ತಿಲ್ಲದೆಯೇ ನಾನು ಮಾಡಿದೆ. ಮುಂದಿನ ಭಾನುವಾರಕ್ಕೆ ಹಾಕೋಣ ಅಂತ ಬೆಳಿಗ್ಗೆ ಎದ್ದಾಗಿನಿಂದ ಅನ್ನಿಸಿತ್ತು. ಆದರೆ ಅಲ್ಲಿಯವರೆಗೆ ನೀನು ಎಷ್ಟು ಸಲ ಮಗ್ಗುಲು ಬದಲಿಸುತ್ತೀಯ? ಈ ಪತ್ರ ಓದಲು ನೀನಿದ್ದೀಯಾ ಅಂತಲೂ ತಿಳಿಯದೆ ಬರೆಯುತ್ತಿದ್ದೇನೆ.

ದೊಡ್ಡಮ್ಮ ಅಂಗಡಿ ಮುಚ್ಚಿ ಇಸ್ತ್ರಿಪೆಟ್ಟಿಗೆ ಕಾಯಿಸಿಟ್ಟಳು. ನಿನ್ನ ಅಂಗಿಯನ್ನು ಹೊರಮೈ ಮೇಲೆ ಮಾಡಿ ಹಾಸಿದಳು. ಹಿಂದಿನ ಕೋಣೆಯ ಹೊಸ್ತಿಲ ತನಕ ಬಂದಳು, ಆಚೆ ಬರಲಿಲ್ಲ. "ನನ್ನ ಕೈಲಿ ಆಗಲ್ಲ ಕಣೇ, ಹೆದರಿಕೆ ಆಗುತ್ತೆ" ಅಂದಳು. ನನಗೂ ಆಗುತ್ತೆ ದೊಡ್ಡಮ್ಮ ಅಂದೆ.

ಕೋಟು ಗೂಟದಿಂದ ಇಳಿದಿತ್ತು. ನಾನು ತೆಗೆಯಲಿಲ್ಲ, ಅದೇ ನಿಂತಿತ್ತು. ಅದರ ತೋಳಿನಲ್ಲಿ ನನ್ನ ತೋಳು ತೂರಿಸಿದೆ.

ಎಲ್ಲರದ್ದೂ ಮೈಮೇಲೆ ಬಂತು. ಟೀಚರ ಹೆದರಿಕೆ ಗಂಟಲಲ್ಲಿ ಸಿಕ್ಕಿಕೊಂಡಿತು, ಜಗತ್ತೆಲ್ಲ ನನ್ನನ್ನು ನೋಡಿ ನಗುತ್ತಿದ್ದ ಹಾಗೆ. ಯಾರದ್ದೋ ಕತ್ತಲೆ, ಯಾರದ್ದೋ ಆಸ್ಪತ್ರೆಯ ವಾಸನೆ. ಕೂಗಲು ಬಾಯಿ ತೆರೆದರೆ ದನಿ ಬರಲಿಲ್ಲ. ಕಿತ್ತು ಎಸೆದು ಓಡಬೇಕು ಅನ್ನಿಸಿತು, ಆದರೆ ನಿನ್ನದು ಇನ್ನೂ ಸಿಕ್ಕಿರಲಿಲ್ಲ. ಅಂಗಡಿಯ ಮೇಜಿನವರೆಗೆ ನಡೆದೆ. ಒಂದೊಂದು ಹೆಜ್ಜೆಗೂ ಅದು ಭಾರವಾಯಿತು.

ಆಮೇಲೆ ಅಡಿಯಲ್ಲಿ, ಕೋಟಿನ ಅಸ್ತರಿನ ಹತ್ತಿರ, ನಿನ್ನದು ಸಿಕ್ಕಿತು. ಎತ್ತರದ ಭಯ ಅಂತ ತಿಳಿದಿದ್ದೆ. ಎತ್ತರದ್ದೂ ಇತ್ತು, ಎಷ್ಟೊಂದು ಇತ್ತು. ಆದರೆ ಅದರ ತುಂಬ ನಾನೇ ಇದ್ದೆ. ನಾನು ರಸ್ತೆ ದಾಟುತ್ತಿದ್ದೆ, ಕೆಮ್ಮುತ್ತಿದ್ದೆ. ಬಾರದ ಯಾರನ್ನೋ ಕಾಯುತ್ತ ಕಿಟಕಿಯಲ್ಲಿ ಕೂತಿದ್ದೆ. ನೀನು ಏಣಿಯ ಮೇಲೆ ಇದ್ದೆ. ಒಂದೊಂದು ಮೆಟ್ಟಿಲಲ್ಲೂ ನಿನ್ನ ಮೈಯೆಲ್ಲ ಇಳಿ ಇಳಿ ಅನ್ನುತ್ತಿತ್ತು, ನೀನು ಹತ್ತುತ್ತಿದ್ದೆ.

ಅಮ್ಮಾ, ನೀನು ದಿನವೂ ಹೆದರಿಕೊಂಡೇ ಹತ್ತುತ್ತಿದ್ದೆ. ನನಗೆ ಯಾಕೆ ಹೇಳಲಿಲ್ಲ? ನಾನೊಬ್ಬಳೇ ಹೀಗೆ ಅಂದುಕೊಂಡು ಎಷ್ಟು ನಾಚಿಕೊಂಡಿದ್ದೆ.

ಇಸ್ತ್ರಿಪೆಟ್ಟಿಗೆ ಎತ್ತಿದೆ. ಗಡಿಯಾರ ಹತ್ತು ಹೊಡೆಯಿತು. ನೀನು ಈಗ ಎಲ್ಲಿದ್ದೀಯ ಅಂತ ಕೊನೆಯ ಸಲ ಯೋಚಿಸಿದೆ, ಒತ್ತಿದೆ. ತೋಳಿನಿಂದ ಅದು ಇಳಿದು ಹೋಯಿತು. ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ, ಅದರಲ್ಲಿ ನೀನಿದ್ದೆ.

ಕೋಟು ಮತ್ತೆ ಗೂಟದಲ್ಲಿದೆ. ಉಳಿದವರದ್ದನ್ನು ಅವರ ಬಟ್ಟೆ ಬಂದ ಹಾಗೆ ವಾಪಸ್ ಹಾಕಬೇಕು. ಈಗ ನನಗೆ ಅದರ ಯೋಚನೆ ಇಲ್ಲ. ನೀನು ಇಳಿದಿದ್ದೆಯಾ? ಇದ್ದೀಯಾ?

ನಿನ್ನ
ಪುಕ್ಕಲಿ


ಆಗಸ್ಟ್ ೨೧, ಸಂಜೆ

ನನ್ನ ಪುಕ್ಕಲಿ, ನನ್ನ ಕಂದಾ,

ಇಳಿದಿದ್ದೆ. ಇದ್ದೇನೆ. ನೀನು ಕಾಯುತ್ತಿರುತ್ತೀಯ ಅಂತ ಮೊದಲು ಅಷ್ಟು ಬರೆದೆ.

ನನಗೆ ಇಳಿಯಲು ಯಾವ ಕಾರಣವೂ ಇರಲಿಲ್ಲ, ನೀನು ಬರೆದದ್ದು ನಿಜ. ಉತ್ತರ ಬರೆಯಬೇಕು ಅಂತಲೂ ಅನ್ನಿಸಲಿಲ್ಲ, ಕ್ಷಮಿಸು. ಇವತ್ತು ಬೆಳಿಗ್ಗೆ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡಿದ್ದೆ. ಮಗು ಕೇಳಿದೆ, ಇಳಿದರೆ ಏನು ಗಂಟು ಹೋಗುತ್ತದೆ ಅಂತ ಎದ್ದೆ. ಅಷ್ಟೇ. ನೀನು ಕೇಳಿದೆ ಅಂತ ಇಳಿದೆ.

ಕ್ಯಾಂಟೀನಿನಲ್ಲಿ ಕಾಫಿ ಹೇಳಿ ಮೇಜು ಹಿಡಿದುಕೊಂಡೆ. ನನಗೇ ನಗು ಬರುತ್ತಿತ್ತು. ಆಮೇಲೆ ಅದು ಬಂತು. ಕಾಫಿ ಚೆಲ್ಲಿತು, ಮೇಜಿನ ಕೆಳಗೆ ಮುದುಡಿ ಕೂತು ಅತ್ತೆ. ಮೇಸ್ತ್ರಿ ಓಡಿ ಬಂದು, "ಏನಾಯ್ತಮ್ಮ, ಹುಷಾರಿಲ್ವಾ?" ಅಂದರು. ಬಾಗಿಲಿನಿಂದ ಮೇಲೆ ನೋಡಿದೆ. ನನ್ನ ಚಾದರ ಆ ಹಲಗೆಯ ತುದಿಯಲ್ಲಿ ಗಾಳಿಗೆ ಹಾರಾಡುತ್ತಿತ್ತು. ಪಕ್ಕಕ್ಕೆ ಹಿಡಿಕೆಯೂ ಇಲ್ಲ, ಒಂದು ಹಗ್ಗವೂ ಇಲ್ಲ. ನಾನು ಅಲ್ಲಿ ಮಲಗಿದ್ದೆ. ಅದನ್ನು ತರಲು ನನ್ನಿಂದ ಆಗಲಿಲ್ಲ, ಮೇಸ್ತ್ರಿಯೇ ಹತ್ತಿ ತಂದುಕೊಟ್ಟರು.

ನಿನಗೆ ಇನ್ನೂ ಥ್ಯಾಂಕ್ಸ್ ಹೇಳಲಾರೆ. ಸುಖವಾಗಿದ್ದೆ ಅಂದದ್ದು ಸುಳ್ಳಲ್ಲ. ಈಗ ಮತ್ತೆ ಎದೆಯಲ್ಲಿ ಕಲ್ಲು. ನಾಳೆ ಹತ್ತಬೇಕು. ಬೆಲ್ಟ್ ಹಾಕಿಕೊಂಡು ಹತ್ತುತ್ತೇನೆ. ದೂರದ ಸೇತುವೆ ಬೇಡ ಅಂತ ಹೇಳಿಬಿಟ್ಟೆ. ರಜೆ ಕೇಳಿದ್ದೇನೆ, ಸಿಕ್ಕ ದಿನವೇ ಹೊರಡುತ್ತೇನೆ.

ಹೆಬ್ಬೆರಳು ಏನಾಯಿತು? ಗುಳ್ಳೆ ಎದ್ದಿತ್ತಾ, ಕೀವು ಆಗಿದೆಯಾ? ಜ್ವರ ಬಂದಿತ್ತು ಅಂತ ನೀನು ಒಂದು ಸಾಲು ಬರೆದಿದ್ದೆ, ನಾನು ಅದನ್ನು ಓದಿ ಕಾಗದ ಮಡಿಚಿಟ್ಟೆನಲ್ಲ, ಹೇಗೆ ಮಡಿಚಿಟ್ಟೆ? ಡಾಕ್ಟರಿಗೆ ತೋರಿಸಿದರಾ? ಆ ಕೋಟು ಹಾಕಿಕೊಂಡಾಗ ನಿನಗೆ ಏನಾಯಿತು, ಅಕ್ಕ ಪಕ್ಕದಲ್ಲೇ ಇದ್ದಳಾ? ಒಬ್ಬಳೇ ಮತ್ತೆ ಅದನ್ನು ಮುಟ್ಟಬೇಡ. ನಾನು ಬರುವ ತನಕ ಆ ಕೋಣೆಗೆ ಬೀಗ ಹಾಕಲು ಹೇಳು.

ಈ ಪತ್ರ ಸಿಕ್ಕ ತಕ್ಷಣ ಬರೆ. ಒಂದೇ ಸಾಲಾದರೂ ಸಾಕು. ನೀನು ಚೆನ್ನಾಗಿದ್ದೀಯ ಅಂತ ಗೊತ್ತಾಗುವವರೆಗೆ ನನಗೆ ಊಟ ಸೇರುವುದಿಲ್ಲ.

ನಿನ್ನ
ಅಮ್ಮ